30×40 ಸೈಟಿನಲ್ಲಿ ಮಾವು, ತೆಂಗು, ಗೇಟಿನೆದುರು ಹೊಂಗೆ. ಕಡಿಯಲು ಅನುಮತಿ, ಬದಲಿ ಗಿಡದ ನಿಯಮ ಹೇಗೆ?

ಹೊಸಪಾಯ (ಪ್ರಶ್ನೆ)

ಬೆಂಗಳೂರಿನಲ್ಲಿ 30×40 ಸೈಟು. ಮುಂಭಾಗ 30 ಅಡಿ, ಎದುರಿಗೆ 30 ಅಡಿ ರಸ್ತೆ. ಹಳೇ ಶೀಟಿನ ಮನೆ ಕೆಡವಿ ನೆಲಮಹಡಿ ಸೇರಿ ಮೂರು ಅಂತಸ್ತು ಕಟ್ಟಬೇಕು. ಪ್ಲ್ಯಾನ್ ಇನ್ನೂ ಮಂಜೂರಾತಿಗೆ ಕೊಟ್ಟಿಲ್ಲ, ಹಾಗಾಗಿ ಬದಲಾಯಿಸಲು ಅವಕಾಶ ಇದೆ. ಮರಗಳು ಹೀಗಿವೆ:

ಹಿಂಭಾಗದ ಎಡಮೂಲೆಯಲ್ಲಿ ಒಂದು ಮಾವು. ಹಿಂದಿನ ಮತ್ತು ಪಕ್ಕದ ಕಾಂಪೌಂಡಿನಿಂದ ತಲಾ 4 ಅಡಿ ದೂರ, ಎದೆಮಟ್ಟದಲ್ಲಿ ಸುತ್ತಳತೆ 4 ಅಡಿ. ಗಟ್ಟಿಮುಟ್ಟಾಗಿದೆ, ಕಾಯಿ ಬಿಡುತ್ತದೆ. ಒಂದು ದಪ್ಪ ಕೊಂಬೆ ಪಕ್ಕದ ಮನೆಯ ಟೆರೇಸಿನ ಮೇಲೆ ಚಾಚಿದೆ. ಅವರ ಕಡೆಯ ಕಾಂಪೌಂಡಿನಲ್ಲಿ ಬಿರುಕೂ ಬಿಟ್ಟಿದೆ.

ಬಲಬದಿಯಲ್ಲಿ ಒಂದು ತೆಂಗು, ಹೊಸ ಕಟ್ಟಡದ ಗೋಡೆಗೆ ನೇರ ಅಡ್ಡ.

ಹೊರಗಡೆ ಫುಟ್‌ಪಾತಿನಲ್ಲಿ ಒಂದು ಹೊಂಗೆ, ಸುತ್ತಳತೆ 2 ಅಡಿ. ಸೈಟಿನ ಎಡತುದಿಯಿಂದ 10 ಅಡಿಗೆ ಇದೆ. ಈಗಿನ ಪ್ಲ್ಯಾನಿನ ಪ್ರಕಾರ ಕಾರಿನ ಗೇಟು ಸರಿಯಾಗಿ ಅದರ ಎದುರಿಗೇ ಬರುತ್ತದೆ.

ಯಾವುದಕ್ಕೆ ಅನುಮತಿ ಬೇಕು, ಯಾರ ಹತ್ತಿರ ಕೇಳಬೇಕು, ಏನೇನು ಕಾಗದ ಕೊಡಬೇಕು, ಬದಲಿಗೆ ಎಷ್ಟು ಗಿಡ ನೆಡಬೇಕು? ಗುತ್ತಿಗೆದಾರರು "ನಮ್ಮ ಸ್ವಂತ ಜಾಗದ ಮರಕ್ಕೆ ಯಾರನ್ನೂ ಕೇಳಬೇಕಿಲ್ಲ" ಅನ್ನುತ್ತಿದ್ದಾರೆ. ಅದು ಸರಿಯೇ?

---

ಹಸಿರುಕಡತ

ಸರಿಯಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ 8ನೇ ಸೆಕ್ಷನ್ ಪ್ರಕಾರ ಸ್ವಂತ ಜಾಗವಾಗಲಿ, ಬೇರೆಯವರ ಜಾಗವಾಗಲಿ, ಟ್ರೀ ಆಫೀಸರ್ (ಮರ ಕಡಿಯಲು ಅನುಮತಿ ಕೊಡುವ ಅಧಿಕಾರಿ) ಅವರ ಪೂರ್ವಾನುಮತಿ ಇಲ್ಲದೆ ಮರ ಕಡಿಯುವಂತಿಲ್ಲ. "ಕಡಿಯುವುದು" ಅನ್ನುವುದರ ವ್ಯಾಪ್ತಿಯೂ ದೊಡ್ಡದು. ಬುಡಸಮೇತ ಕೀಳುವುದು, ಜೆಸಿಬಿಯಲ್ಲಿ ಉರುಳಿಸುವುದು, ತೊಗಟೆಯನ್ನು ಸುತ್ತಲೂ ಸುಲಿಯುವುದು, ರೆಂಬೆಕೊಂಬೆ ಬೋಳಿಸುವುದು, ರಾಸಾಯನಿಕ ಹಾಕುವುದು, ಸುಡುವುದು ಎಲ್ಲ ಅದರೊಳಗೆ ಬರುತ್ತವೆ. ಗುತ್ತಿಗೆದಾರರ ಮಾತು ಕೇಳಿ ಕಡಿಸಿದರೆ ಕೇಸು ಬೀಳುವುದು ಅವರೊಬ್ಬರ ಮೇಲಲ್ಲ. "ಕಡಿಸಿದವರು" ಅಂತ ಮಾಲೀಕರ ಹೆಸರೂ ಸೇರುತ್ತದೆ, ದಿಮ್ಮಿಯನ್ನೂ ಜಪ್ತಿ ಮಾಡಬಹುದು.

ಈಗ ನಿಮ್ಮ ಮೂರು ಮರ. ಕಾಯ್ದೆಯ ಕಣ್ಣಿನಲ್ಲಿ ಇವು ಮೂರು ಬೇರೆ ಬೇರೆ ಪ್ರಕರಣ.

ತೆಂಗು: 8ನೇ ಸೆಕ್ಷನ್‌ನಿಂದ ವಿನಾಯಿತಿ ಪಡೆದ ಜಾತಿಗಳ ಪಟ್ಟಿಯಲ್ಲಿದೆ. ಸರ್ವೆ (ಗಾಳಿಮರ), ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್, ಗೊಬ್ಬರದ ಗಿಡ (ಗ್ಲಿರಿಸಿಡಿಯಾ), ರಬ್ಬರ್ ಕೂಡ ಅದೇ ಪಟ್ಟಿಯವು. ಅನುಮತಿ ಬೇಕಿಲ್ಲ. ಆದರೂ ಕಡಿಯುವ ಮುಂಚೆ ಒಂದು ಪುಟದ ಮಾಹಿತಿ ಪತ್ರ ಬರೆದು, ಫೋಟೊ ಲಗತ್ತಿಸಿ, ಕಚೇರಿಯಲ್ಲಿ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಗರಗಸದ ಸದ್ದು ಕೇಳಿ ಯಾರೋ ದೂರು ಕೊಡುತ್ತಾರೆ, ಸ್ಥಳಕ್ಕೆ ಬಂದ ಸಿಬ್ಬಂದಿಗೆ ಆ ಸೀಲ್ ಇರುವ ಪ್ರತಿ ತೋರಿಸಿದರೆ ಕೆಲಸ ನಿಲ್ಲುವುದಿಲ್ಲ.

ಮಾವು: ಅನುಮತಿ ಬೇಕೇ ಬೇಕು. ಇಲ್ಲಿ ಒಂದು ವಿಷಯ ಗಮನಿಸಿ. ಮರ ಸತ್ತಿದ್ದರೆ, ರೋಗ ಹತ್ತಿದ್ದರೆ, ಗಾಳಿಗೆ ಬಿದ್ದಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯ ಇದ್ದರೆ, ಸಂಚಾರಕ್ಕೆ ಅಡ್ಡಿಯಾಗಿದ್ದರೆ, ಸಿಡಿಲು, ಮಳೆ, ಬೆಂಕಿಯಿಂದ ತೀರಾ ಹಾಳಾಗಿದ್ದರೆ ಅನುಮತಿ ನಿರಾಕರಿಸಬಾರದು ಅಂತ ಕಾಯ್ದೆಯೇ ಹೇಳುತ್ತದೆ. ನಿಮ್ಮ ಮಾವು ಇವುಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ. "ಮನೆ ಕಟ್ಟುತ್ತೇವೆ" ಅನ್ನುವ ಕಾರಣ ಕೊಟ್ಟು ಅರ್ಜಿ ಹಾಕಬಹುದು, ಆದರೆ ಅದು ತಾನಾಗಿಯೇ ಅನುಮತಿ ತರುವುದಿಲ್ಲ. ಸ್ಥಳ ನೋಡಿ ಅಧಿಕಾರಿ ತೀರ್ಮಾನಿಸುತ್ತಾರೆ, ಬೇಕೆಂದರೆ ಕೊಂಬೆಗೆ ಮಾತ್ರ ಒಪ್ಪಿ ಮರಕ್ಕೆ ನಿರಾಕರಿಸಬಹುದು. ಅದರ ಮೇಲೆ, ಮೂಲೆಯಲ್ಲಿರುವ ಆರೋಗ್ಯವಂತ ಮರ ಕಟ್ಟಡಕ್ಕೆ ಅಡ್ಡ ಅಂತ ಸಾಧಿಸುವುದೇ ಕಷ್ಟ.

ದಯವಿಟ್ಟು ಕಾಂಪೌಂಡಿನ ಬಿರುಕು ತೋರಿಸಿ "ಅಪಾಯಕಾರಿ ಮರ" ಅಂತ ಬರೆಯಬೇಡಿ. ವಲಯ ಅರಣ್ಯಾಧಿಕಾರಿ ಬಂದು ನೋಡಿದಾಗ ಕಾರಣ ಸುಳ್ಳೆಂದು ಕಂಡರೆ ಇಡೀ ಅರ್ಜಿಯ ಮೇಲೆ ಅನುಮಾನ ಬರುತ್ತದೆ.

ಹೊಂಗೆ: ಇದು ಸಾರ್ವಜನಿಕ ಸ್ವತ್ತು. ಅನುಮತಿ ಸಿಕ್ಕರೂ ನೀವು ಕಡಿಸುವಂತಿಲ್ಲ, ಪಾಲಿಕೆಯ ಅರಣ್ಯ ವಿಭಾಗದವರೇ ಕಡಿಸಬೇಕು, ಮರವೂ ಅವರದೇ. ಗೇಟಿಗೆ ಅಡ್ಡ ಅನ್ನುವುದು ಸಂಚಾರಕ್ಕೆ ಅಡ್ಡಿ ಅನ್ನಿಸಿಕೊಳ್ಳುವುದಿಲ್ಲ. ಆ ಮಾತು ಇರುವುದು ರಸ್ತೆಯಲ್ಲಿ ಓಡಾಡುವವರಿಗೆ. ನಿಮ್ಮದು 30 ಅಡಿ ಮುಂಭಾಗ. ಹೊಂಗೆ ಎಡದಿಂದ 10 ಅಡಿಗೆ ಇದೆ. ಗೇಟನ್ನು 18ರಿಂದ 28 ಅಡಿ ನಡುವೆ ತಂದರೆ 10 ಅಡಿಯ ಗೇಟೂ ಸಿಗುತ್ತದೆ, ಮರಕ್ಕೂ ಗೇಟಿಗೂ 8 ಅಡಿ ಅಂತರವೂ ಉಳಿಯುತ್ತದೆ. ಪ್ಲ್ಯಾನ್ ಇನ್ನೂ ಕೊಟ್ಟಿಲ್ಲವಲ್ಲ, ಈಗಲೇ ಬದಲಿಸಿ. ಇಷ್ಟು ಸುಲಭದ ಪರಿಹಾರ ಇರುವಾಗ ಬೆಳೆದ ಹೊಂಗೆ ಕಡಿಯಲು ಕೇಳುವುದು ನ್ಯಾಯವಲ್ಲ.

ಅರ್ಜಿ ಎಲ್ಲಿ ಅಂದರೆ: ಬೆಂಗಳೂರಿನಲ್ಲಿ ಮುಂಚೆ ಬಿಬಿಎಂಪಿ ಅರಣ್ಯ ವಿಭಾಗ ಇತ್ತು. 2025ರ ಸೆಪ್ಟೆಂಬರ್‌ನಿಂದ ಐದು ನಗರ ಪಾಲಿಕೆಗಳಾಗಿವೆ, ಆದ್ದರಿಂದ ನಿಮ್ಮ ವಾರ್ಡ್ ಯಾವ ಪಾಲಿಕೆಗೆ ಸೇರಿದೆ ನೋಡಿಕೊಂಡು ಆ ಪಾಲಿಕೆಯ ಅರಣ್ಯ ವಿಭಾಗಕ್ಕೆ ಹೋಗಿ. ಹಳೇ ವಲಯ ಕಚೇರಿಗೆ ಕೊಟ್ಟ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತಾ ಕೂರುತ್ತದೆ.

ಕಾಗದಗಳು: ಲಿಖಿತ ಅರ್ಜಿ, ಗುರುತಿನ ಚೀಟಿ, ಖಾತಾ ಪ್ರತಿ, ಈ ಸಾಲಿನ ತೆರಿಗೆ ರಸೀದಿ, ಕ್ರಯಪತ್ರದ ಪ್ರತಿ. ಜಂಟಿ ಖಾತೆ ಆಗಿದ್ದರೆ ಉಳಿದವರ ಒಪ್ಪಿಗೆ ಪತ್ರ. ಪ್ರತಿ ಮರಕ್ಕೆ ಮೂರು ಫೋಟೊ: ಇಡೀ ಮರ, ಬುಡ, ಮತ್ತು ತೊಂದರೆ ಇರುವ ಭಾಗ. ಸೈಟಿನ ನಕ್ಷೆಯಲ್ಲಿ ಮರದ ಜಾಗ ಗುರುತಿಸಿ, ಗಡಿಯಿಂದ ದೂರ ಬರೆಯಿರಿ. ಸುತ್ತಳತೆಯನ್ನು ನೆಲದಿಂದ ನಾಲ್ಕೂವರೆ ಅಡಿ (1.37 ಮೀಟರ್) ಎತ್ತರದಲ್ಲೇ ಅಳೆಯಿರಿ, ಬುಡದಲ್ಲಿ ಅಳೆದರೆ ಮಹಜರಿನ (ಸ್ಥಳಪರಿಶೀಲನೆಯ ದಾಖಲೆಯ) ಅಳತೆಗೂ ನಿಮ್ಮದಕ್ಕೂ ತಾಳೆಯಾಗುವುದಿಲ್ಲ. ಮಾವಿನ ವಿಷಯದಲ್ಲಿ "ತೆರವು" ಬೇಕೋ "ಕೊಂಬೆ ಸವರುವುದು" ಬೇಕೋ ಒಂದನ್ನೇ ಸ್ಪಷ್ಟವಾಗಿ ಬರೆಯಿರಿ. "ತೆರವು ಅಥವಾ ಸೂಕ್ತ ಕ್ರಮ" ಅಂತ ಬರೆದ ಅರ್ಜಿಗಳೇ ಹೆಚ್ಚು ದಿನ ಬಾಕಿ ಉಳಿಯುವುದು.

---

ಕಾಲಂಬೀಮು

ಮಾವು ಉಳಿಸಿಕೊಂಡೇ ಕಟ್ಟಬಹುದು. ಮೂಲೆಯಲ್ಲಿ ಇರುವುದರಿಂದ ಲೆಕ್ಕ ಸುಲಭ.

ಸುತ್ತಳತೆ 4 ಅಡಿ ಅಂದರೆ ಕಾಂಡದ ವ್ಯಾಸ ಸುಮಾರು 39 ಸೆಂ.ಮೀ. ಬೇರಿನ ರಕ್ಷಣಾ ವಲಯಕ್ಕೆ ಬಳಸುವ ಅಂದಾಜು ಕಾಂಡದ ವ್ಯಾಸದ 12 ಪಟ್ಟು ತ್ರಿಜ್ಯ, ಅಂದರೆ 4.7 ಮೀಟರ್, ಹತ್ತಿರಹತ್ತಿರ 15 ಅಡಿ. ನಿಮ್ಮ ಸೈಟಿನ ಅರ್ಧ ಅಗಲ ಅದರಲ್ಲೇ ಹೋಯಿತು. ಅಷ್ಟನ್ನೂ ಬಿಡಲು ಆಗುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಆದರೆ ಮರವನ್ನು ಹಿಡಿದು ನಿಲ್ಲಿಸುವ ದಪ್ಪ ಬೇರುಗಳು ಇರುವ ಒಳವೃತ್ತ ಈ ಗಾತ್ರದ ಮರಕ್ಕೆ ಸುಮಾರು 8 ಅಡಿ. ಅದರೊಳಗೆ ಪಾಯ ತೋಡಲೇಬೇಡಿ. ಅಲ್ಲಿ ಬೇರು ಕಡಿದರೆ ಮರ ಆ ವರ್ಷ ಹಸಿರಾಗಿಯೇ ಕಾಣುತ್ತದೆ, ಮುಂದಿನ ಮುಂಗಾರುಪೂರ್ವ ಗಾಳಿಗೆ ಬೀಳುತ್ತದೆ. ಏಪ್ರಿಲ್-ಮೇ ಗಾಳಿಮಳೆಗೆ ಬೆಂಗಳೂರಿನಲ್ಲಿ ಬೀಳುವ ಮರಗಳ ಬುಡ ನೋಡಿ: ಚರಂಡಿಗೋ ಕೇಬಲ್ಲಿಗೋ ಒಂದು ಪಕ್ಕದ ಬೇರು ನೇರಗೆರೆಯಲ್ಲಿ ಕತ್ತರಿಸಿರುವುದು ಎಷ್ಟೋ ಕಡೆ ಕಾಣುತ್ತದೆ.

ಹೀಗೆ ಮಾಡಿ. ಆ ಮೂಲೆಯಲ್ಲಿ ಸುಮಾರು 6×6 ಅಡಿ ಕಟ್ಟಡವನ್ನು ಒಳಕ್ಕೆ ತೆಗೆದುಕೊಳ್ಳಿ. ಒಂದು ಮಹಡಿಗೆ 36 ಚದರಡಿ ಹೋಗುತ್ತದೆ, ಯುಟಿಲಿಟಿಯನ್ನು ಆ ಕಡೆ ತೆರೆದಂತೆ ಕೊಟ್ಟರೆ ನಷ್ಟ ಅನ್ನಿಸುವುದಿಲ್ಲ. ಮರದಿಂದ 8 ಅಡಿಯೊಳಗೆ ಯಾವ ಕಾಲಮ್ಮಿನ ಫೂಟಿಂಗೂ (ಕಂಬದ ಅಡಿಪಾಯ) ಬರದಂತೆ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಹೇಳಿ. ಅಲ್ಲಿ ಗೋಡೆ ಬರಲೇಬೇಕಾದರೆ ಪ್ಲಿಂತ್ ಬೀಮ್ (ಪಾಯದ ಮಟ್ಟದ ಕಾಂಕ್ರೀಟ್ ತೊಲೆ) ಮೇಲೆ ಚಾಚಿಕೊಂಡು ಬರಲಿ, ಬೀಮಿನ ತಳಕ್ಕೂ ನೆಲಕ್ಕೂ ನಾಲ್ಕು ಇಂಚು ಖಾಲಿ ಬಿಡಿ. ಕಲ್ಲುಕಟ್ಟಡದ ಉದ್ದ ಪಾಯ ಹಾಕಿದರೆ ಕಾಲುವೆಯಂತೆ ತೋಡಬೇಕು, ಎಲ್ಲ ಬೇರೂ ಹೋಗುತ್ತವೆ. 8ರಿಂದ 15 ಅಡಿಯೊಳಗಿನ ಫೂಟಿಂಗ್ ಗುಂಡಿಗಳನ್ನು ಜೆಸಿಬಿ ಬಿಟ್ಟು ಕೈಯಲ್ಲೇ ತೋಡಿಸಿ. 5 ಸೆಂ.ಮೀ.ಗಿಂತ ದಪ್ಪ ಬೇರು ಸಿಕ್ಕರೆ ಕತ್ತರಿಸದೆ ಫೂಟಿಂಗನ್ನು ಅರ್ಧ ಅಡಿ ಸರಿಸಬಹುದೇ ಅಂತ ಎಂಜಿನಿಯರ್‌ಗೆ ಫೋನ್ ಮಾಡಿ ಕೇಳಿ. ಸಣ್ಣ ಬೇರನ್ನು ಗರಗಸದಲ್ಲಿ ನೀಟಾಗಿ ಕತ್ತರಿಸಿ, ಹಾರೆಯಲ್ಲಿ ಜಜ್ಜಿದ ಬೇರು ಕೊಳೆಯುತ್ತದೆ.

ಸಂಪ್ ಮತ್ತು ಮಳೆನೀರಿನ ಇಂಗುಬಾವಿ ಮುಂಭಾಗದ ಬಲಕ್ಕೆ ಹೋಗಲಿ. ಮಳೆಕೊಯ್ಲು ಈಗ 30×40ರ ಹೊಸ ಮನೆಗೂ ಕಡ್ಡಾಯ. ಬಹಳ ಜನ ಉಳಿದ ಹಿಂಮೂಲೆಗೇ ಇಂಗುಬಾವಿ ತೋಡಿಸುತ್ತಾರೆ, ನಿಮ್ಮಲ್ಲಿ ಅದು ಮಾವಿನ ಬುಡ.

ಕಟ್ಟುವಾಗ ಮರ ಸಾಯುವುದು ಕೊಡಲಿಯಿಂದಲ್ಲ, ಜಲ್ಲಿರಾಶಿಯಿಂದ. ಕಾಂಡದ ಸುತ್ತ 6 ಅಡಿಗೆ ಮೊದಲ ದಿನವೇ ಶೀಟು ಕಟ್ಟಿ ಬೇಲಿ ಹಾಕಿ. ಎಂ-ಸ್ಯಾಂಡ್, ಜಲ್ಲಿ, ಹಳೇ ಮನೆಯ ಮಣ್ಣು ಬುಡದ ಮೇಲೆ ಬೀಳಬಾರದು, ಮಣ್ಣು ಒತ್ತಾದರೆ ಬೇರಿಗೆ ಗಾಳಿ ಹೋಗುವುದಿಲ್ಲ. ಕಾಂಕ್ರೀಟ್ ಮಿಕ್ಸರ್ ತೊಳೆದ ನೀರು ಅಲ್ಲಿಗೆ ಹರಿಯದಂತೆ ನೋಡಿಕೊಳ್ಳಿ. ಸಿಮೆಂಟಿನ ಸುಣ್ಣ ಮಣ್ಣನ್ನು ಕ್ಷಾರವಾಗಿಸುತ್ತದೆ, ಎಲೆ ಹಳದಿಯಾಗಲು ಶುರುವಾದ ಮೇಲೆ ಸರಿಪಡಿಸುವುದು ಕಷ್ಟ. ಕೊನೆಗೆ ಹಿತ್ತಲಿಗೆ ಟೈಲ್ಸ್ ಹಾಕುವಾಗ ಕಾಂಡದ ಸುತ್ತ ಕನಿಷ್ಠ 1 ಮೀಟರ್ ಮಣ್ಣು ಹಾಗೇ ಬಿಡಿ. ಮರದ ಸುತ್ತ 1 ಮೀಟರ್ ಕಾಂಕ್ರೀಟ್ ತೆಗೆಯಿರಿ ಅಂತ 2013ರಲ್ಲಿ ದೆಹಲಿಯ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿದ್ದು ಇದೇ ಕಾರಣಕ್ಕೆ.

ಕಾಂಪೌಂಡಿನ ಬಿರುಕಿನ ಬಗ್ಗೆ: ಅದು ಬೇರಿನಿಂದಲೇ ಆಗಿದೆಯೇ ಮೊದಲು ನೋಡಿ. ಬೇರು ಎತ್ತಿದ್ದರೆ ಬಿರುಕು ಬೇರಿನ ನೇರಕ್ಕೆ ಇರುತ್ತದೆ, ಗೋಡೆ ಅಲ್ಲಿ ಸ್ವಲ್ಪ ಉಬ್ಬಿರುತ್ತದೆ. ಬಿರುಕು ಬೇರಿನ ನೇರಕ್ಕೆ ಇಲ್ಲದಿದ್ದರೆ ಪಾಯ ಕುಸಿದಿರುವ ಸಾಧ್ಯತೆಯೂ ಇದೆ. ಬೇರಿನದೇ ಆದರೆ ಬಿರುಕಿರುವ ಕಡೆ 4 ಅಡಿ ಗೋಡೆ ಮಾತ್ರ ಬಿಚ್ಚಿ, ಬೇರಿನ ಎರಡೂ ಕಡೆ ಸಣ್ಣ ಫೂಟಿಂಗ್ ಕೊಟ್ಟು, ನಡುವೆ ಲಿಂಟಲ್ ಹಾಕಿ ಕಟ್ಟಿಸಿ. ಬೇರು ಲಿಂಟಲ್ ಕೆಳಗೆ ಆರಾಮಾಗಿ ಬೆಳೆಯುತ್ತದೆ.

---

ಹೊಸಪಾಯ

ಗೇಟು ಬಲಕ್ಕೆ ಸರಿಸುತ್ತೇವೆ, ಹೊಂಗೆಯ ಮಾತು ಬಿಟ್ಟೆವು. ಮೂಲೆ ಒಳಕ್ಕೆ ತೆಗೆಯುವ ಬಗ್ಗೆ ಎಂಜಿನಿಯರ್ ಹತ್ತಿರ ಮಾತಾಡುತ್ತೇವೆ.

ಇನ್ನೆರಡು ಪ್ರಶ್ನೆ. ಮೂಲೆ ಬಿಡಲು ಮನೆಯವರು ಒಪ್ಪದಿದ್ದರೆ ಮಾವನ್ನು ಕಿತ್ತು ಬೇರೆ ಕಡೆ ನೆಡಲು ಸಾಧ್ಯವೇ? ಪಕ್ಕದವರ ಟೆರೇಸಿನ ಮೇಲಿನ ಕೊಂಬೆಯನ್ನಾದರೂ ಈಗಲೇ ಕಡಿಸಬಹುದೇ? ಬುಡಕ್ಕೆ ಆಸಿಡ್ ಸುರಿದರೆ ತಾನೇ ಒಣಗುತ್ತದೆ, ಆಮೇಲೆ "ಸತ್ತ ಮರ" ಅಂತ ಅರ್ಜಿ ಹಾಕಬಹುದು ಅಂತ ಒಬ್ಬರು ಹೇಳಿದರು. ಅದನ್ನು ನಾವು ಮಾಡುವುದಿಲ್ಲ, ಆದರೆ ಬೇರೆಯವರಿಗೂ ತಿಳಿಯಲಿ ಅಂತ ಕೇಳುತ್ತಿದ್ದೇವೆ.

---

ಬೇರುಬೊಡ್ಡೆ

ಆಸಿಡ್ ವಿಷಯ ಮೊದಲು. ರಾಸಾಯನಿಕ ಹಾಕುವುದೂ "ಕಡಿಯುವುದು" ಅಂತ ಮೇಲೆ ಹೇಳಿದ್ದಾರೆ. ಜೊತೆಗೆ ಅದು ಅಡಗುವ ಕೆಲಸವಲ್ಲ. ರೋಗದಿಂದ ಸಾಯುವ ಮರ ತುದಿಯಿಂದ ಒಣಗುತ್ತಾ ಬರುತ್ತದೆ, ಬುಡದಲ್ಲಿ ಅಣಬೆಯ ಬಿಲ್ಲೆ ಕಾಣಬಹುದು, ತೊಗಟೆ ತೇಪೆತೇಪೆಯಾಗಿ ಬಿಡುತ್ತದೆ. ಆಸಿಡ್ ಹಾಕಿದ ಮರ ಒಮ್ಮೆಲೇ ಎಲೆ ಸುಟ್ಟಂತೆ ಒಣಗುತ್ತದೆ, ಬುಡದಲ್ಲಿ ಡ್ರಿಲ್ ತೂತು ಇಲ್ಲವೇ ಸುಟ್ಟ ಪಟ್ಟಿ ಇರುತ್ತದೆ. ಹೀಗೆ ಒಣಗಿದ ಮರ ಒಳಗಿನಿಂದ ಪುಡಿಯಾಗಿ ನಿಮ್ಮ ಮನೆಯ ಮೇಲೋ ಪಕ್ಕದವರ ಮೇಲೋ ಬೀಳುತ್ತದೆ, ಹತ್ತಿ ಕಡಿಯಲು ಕೂಲಿಯವರೂ ಒಪ್ಪುವುದಿಲ್ಲ.

ಸ್ಥಳಾಂತರ: ನಿಮ್ಮ ಮಾವಿಗೆ ಸಲಹೆ ಕೊಡುವುದಿಲ್ಲ. ಬೇರುಮಣ್ಣಿನ ಉಂಡೆಯ ವ್ಯಾಸ ಕಾಂಡದ ವ್ಯಾಸದ ಕನಿಷ್ಠ 8 ಪಟ್ಟು ಇರಬೇಕು. 39 ಸೆಂ.ಮೀ.ಗೆ 3.1 ಮೀಟರ್ ಆಯಿತು. ಆಳ 1 ಮೀಟರ್ ಹಿಡಿದರೆ ಏಳೂವರೆ ಘನ ಮೀಟರ್ ಮಣ್ಣು, ಒದ್ದೆ ಮಣ್ಣಿನ ತೂಕದಲ್ಲಿ 12-13 ಟನ್, ಮರದ ತೂಕ ಬೇರೆ. ನಿಮ್ಮ ಮರ ಗೋಡೆಯಿಂದ 4 ಅಡಿಗೆ ಇರುವುದರಿಂದ ಎರಡು ಕಡೆ ಅಷ್ಟು ಅಗಲದ ಉಂಡೆ ಸಿಗುವುದೇ ಇಲ್ಲ. 30 ಅಡಿ ರಸ್ತೆಯಲ್ಲಿ ವಿದ್ಯುತ್ ತಂತಿ ಇರುವಾಗ ಅಷ್ಟು ಭಾರದ ಕ್ರೇನ್ ನಿಲ್ಲಿಸಿ ಬೂಮ್ ಎತ್ತಲೂ ಆಗುವುದಿಲ್ಲ. ಜೆಸಿಬಿಯಲ್ಲಿ ಕೊಕ್ಕೆ ಹಾಕಿ ಎಳೆದು, ಕೊಂಬೆಯೆಲ್ಲ ಬೋಳಿಸಿ, ಒಂದೂವರೆ ಮೀಟರ್ ಉಂಡೆಯಲ್ಲಿ ಲಾರಿಗೆ ಹಾಕುವುದನ್ನು ಸ್ಥಳಾಂತರ ಅಂತ ಕರೆಯುತ್ತಾರೆ. ಕಾಂಡದಲ್ಲಿ ಉಳಿದ ಆಹಾರದಿಂದ ಎರಡು ತಿಂಗಳು ಚಿಗುರು ಕಾಣುತ್ತದೆ, ಬೇಸಿಗೆಗೆ ಒಣಗುತ್ತದೆ. ಆಲ, ಅರಳಿ, ಗೋಣಿ ಜಾತಿಯವು ಇದನ್ನು ತಡೆದುಕೊಳ್ಳುತ್ತವೆ. ತಾಯಿಬೇರು ಆಳಕ್ಕಿಳಿದ ಬಲಿತ ಮಾವು ತಡೆಯುವುದು ಅಪರೂಪ. ಮಾಡಲೇಬೇಕಾದ ಕಡೆ ಕೂಡ ಎರಡು ಹಂತದಲ್ಲಿ ಸುತ್ತ ಕಂದಕ ತೋಡಿ, ನಡುವೆ ಹಲವು ವಾರ ಹೊಸ ಬೇರು ಬರಲು ಬಿಟ್ಟು, ಗೋಣಿಚೀಲ ಕಟ್ಟಿ ಎತ್ತಬೇಕು. ಬಿಲ್ಡರ್‌ಗಳ ವೇಳಾಪಟ್ಟಿಯಲ್ಲಿ ಅಷ್ಟು ಸಮಯ ಇರುವುದಿಲ್ಲ.

ಕೊಂಬೆ: ಇದಕ್ಕೂ ಪಾಲಿಕೆಯ ಒಪ್ಪಿಗೆ ಪಡೆಯಿರಿ, ಕೊಂಬೆ ಬೋಳಿಸುವುದೂ ಕಾಯ್ದೆಯ ವ್ಯಾಖ್ಯೆಯೊಳಗಿದೆ. ಪಕ್ಕದವರಿಂದಲೂ ಒಂದು ಒಪ್ಪಿಗೆ ಪತ್ರ ಇರಲಿ. ಕೊಂಬೆ ವಿದ್ಯುತ್ ತಂತಿಗೆ ತಾಗುತ್ತಿದ್ದರೆ ಮಾತ್ರ ಬೆಸ್ಕಾಂನ 1912ಕ್ಕೆ ಹೇಳಿ, ಲೈನ್ ಆಫ್ ಮಾಡಿಸದೆ ಯಾರನ್ನೂ ಹತ್ತಿಸಬೇಡಿ.

ಕಡಿಯುವ ವಿಧಾನ ಕೂಲಿಯವರಿಗೆ ಬಿಡಬೇಡಿ, ಎದುರು ನಿಂತು ಮಾಡಿಸಿ. ದಪ್ಪ ಕೊಂಬೆಯನ್ನು ಒಂದೇ ಏಟಿಗೆ ಮೇಲಿನಿಂದ ಕತ್ತರಿಸಿದರೆ ಭಾರಕ್ಕೆ ಮುರಿದು ಕಾಂಡದ ತೊಗಟೆಯನ್ನು ಉದ್ದಕ್ಕೆ ಸೀಳಿಕೊಂಡು ಬೀಳುತ್ತದೆ. ಕಾಂಡದಿಂದ ಒಂದೂವರೆ ಅಡಿ ದೂರದಲ್ಲಿ ಮೊದಲು ಕೆಳಗಿನಿಂದ ಕಾಲು ಭಾಗ ಗರಗಸ ಹಾಕಿ. ಅದರಿಂದ ಎರಡು ಮೂರು ಇಂಚು ಆಚೆ ಮೇಲಿನಿಂದ ಪೂರ್ತಿ ಕತ್ತರಿಸಿ ಭಾರ ಇಳಿಸಿ. ಟೆರೇಸಿನ ಮೇಲೆ ಬೀಳದಂತೆ ಮೊದಲೇ ಹಗ್ಗ ಕಟ್ಟಿರಬೇಕು. ಆಮೇಲೆ ಉಳಿದ ಮೋಟನ್ನು, ಕೊಂಬೆ ಕಾಂಡಕ್ಕೆ ಸೇರುವ ಕಡೆ ಉಂಗುರದಂತೆ ಉಬ್ಬಿರುವ ಭಾಗ ಬಿಟ್ಟು, ಅದರ ಹೊರಗಡೆ ಕತ್ತರಿಸಿ. ಗಾಯ ಮುಚ್ಚುವುದು ಆ ಉಬ್ಬಿನಿಂದಲೇ. ಟಾರು, ಪೇಂಟ್ ಬೇಡ, ಅದರಡಿ ತೇವ ನಿಂತು ಕೊಳೆಯುತ್ತದೆ. ಒಂದು ಸಲಕ್ಕೆ ಮರದ ಎಲೆಕೊಂಬೆಗಳ ಹಂದರದ ಕಾಲುಭಾಗಕ್ಕಿಂತ ಹೆಚ್ಚು ತೆಗೆಯಬೇಡಿ, ಒಂದೇ ಪಕ್ಕ ಬೋಳಿಸಿ ಮರ ವಾಲಿಸಲೂ ಬೇಡಿ. ಕಾಯಿ ಕಿತ್ತ ಮೇಲೆ, ಜೋರುಮಳೆಯ ದಿನ ಬಿಟ್ಟು ಮಾಡಿಸಿ. ಹಕ್ಕಿಗೂಡಿನಲ್ಲಿ ಮೊಟ್ಟೆ, ಮರಿ ಇದ್ದರೆ ಹಾರಿಹೋಗುವವರೆಗೆ ತಡೆಯಿರಿ, 1972ರ ವನ್ಯಜೀವಿ ಕಾಯ್ದೆ ಅವಕ್ಕೂ ರಕ್ಷಣೆ ಕೊಟ್ಟಿದೆ.

---

ಮೈಸೂರುಕಡೆ

ಮಧ್ಯೆ ಒಂದು ಪ್ರಶ್ನೆ. ಮೈಸೂರಿನಲ್ಲೂ ಇದೇ ಕ್ರಮವೇ? ನಮ್ಮ ಕಾಂಪೌಂಡಿನಲ್ಲಿ ತಾನಾಗಿ ಹುಟ್ಟಿದ ಒಂದು ಶ್ರೀಗಂಧದ ಗಿಡವೂ ಇದೆ, ತೋಳಿನ ದಪ್ಪ.

---

ಹಸಿರುಕಡತ

ಕಾಯ್ದೆ ಒಂದೇ. ಮೈಸೂರಿನಲ್ಲಿ ಅರ್ಜಿ ಅರಣ್ಯ ಇಲಾಖೆಯ ಉಪ ಅರಣ್ಯ ಸಂರಕ್ಷಣಾಧಿಕಾರಿ ಕಚೇರಿಗೆ. ಪಾಲಿಕೆಗೆ ಕೊಟ್ಟರೆ ಅಲ್ಲಿಗೇ ಕಳಿಸುತ್ತಾರೆ.

ಶ್ರೀಗಂಧ ಬೇರೆ ದಾರಿ. 2001ರ ತಿದ್ದುಪಡಿಯ ನಂತರ ನಿಮ್ಮ ಜಾಗದಲ್ಲಿ ಬೆಳೆದ ಗಂಧದ ಮರದ ಒಡೆತನ ನಿಮ್ಮದೇ. ಆದರೆ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಒಣಗಿದ ಗಂಧದ ಕೊಂಬೆಯನ್ನೂ ಕಡಿದು ಮನೆಯಲ್ಲಿಟ್ಟುಕೊಳ್ಳಬೇಡಿ. ಈಗಲೇ ಫೋಟೊ ಸಮೇತ ವಲಯ ಅರಣ್ಯ ಕಚೇರಿಗೆ ಲಿಖಿತ ಮಾಹಿತಿ ಕೊಟ್ಟಿಡಿ. ಕಳ್ಳರು ಕಡಿದರೆ ಮರ ಇತ್ತು ಅನ್ನುವುದಕ್ಕೆ ಅದೇ ದಾಖಲೆ.

ಹೊಸಪಾಯ ಅವರಿಗೆ: ಕೊನೆಗೂ ಮಾವಿನ ತೆರವಿಗೇ ಅರ್ಜಿ ಹಾಕುವುದಾದರೆ, ಸ್ಥಳಪರಿಶೀಲನೆಯ ದಿನ ಎಂಜಿನಿಯರ್ ಜೊತೆಗಿರಲಿ. ಮೂಲೆ ಬಿಟ್ಟ ನಕ್ಷೆ, ಬಿಡದ ನಕ್ಷೆ ಎರಡನ್ನೂ ತೋರಿಸಿ, ಏಕೆ ಬಿಡಲಾಗದು ಅಂತ ಹೇಳಬೇಕಾಗುತ್ತದೆ. ಮಹಜರಿನಲ್ಲಿ ಜಾತಿ, ಸುತ್ತಳತೆ, ಮರದ ಸ್ಥಿತಿ ಸರಿಯಾಗಿ ಬರೆದಿದ್ದಾರೆಯೇ ಓದಿಯೇ ಸಹಿ ಹಾಕಿ. ಆದೇಶ ಬಂದ ಮೇಲೆ ಮೂರು ಸಂಗತಿ ನೋಡಿ: ಯಾವ ಮರ ಮತ್ತು ಎಷ್ಟು, ಎಷ್ಟು ದಿನದೊಳಗೆ, ಬದಲಿ ಗಿಡದ ಷರತ್ತು ಏನು. ಅವಧಿ ಮುಗಿದ ಆದೇಶದ ಮೇಲೆ ಕಡಿದರೆ ಅನುಮತಿ ಇಲ್ಲದೆ ಕಡಿದಂತೆಯೇ. ಕಡಿಯುವ ದಿನ ಆದೇಶದ ಪ್ರತಿ ಗೇಟಿಗೆ ಅಂಟಿಸಿ. ದಿಮ್ಮಿಯನ್ನು ಸಾಮಿಲ್ಲಿಗೆ ಸಾಗಿಸುವುದಾದರೆ ಸಾಗಣೆ ಪಾಸ್ ಬೇಕೇ ಅಂತ ಅದೇ ಕಚೇರಿಯಲ್ಲಿ ಲಾರಿ ತುಂಬುವ ಮುಂಚೆ ಕೇಳಿ. ಅರ್ಜಿ ತಿರಸ್ಕೃತವಾದರೆ ವೃಕ್ಷ ಪ್ರಾಧಿಕಾರಕ್ಕೆ (ಇದೇ ಕಾಯ್ದೆಯಡಿ ರಚಿಸಿದ ಸಮಿತಿ) ಮೇಲ್ಮನವಿ ಇದೆ. ನಿರಾಕರಣೆಯ ಕಾರಣ ಬರಹದಲ್ಲಿ ತೆಗೆದುಕೊಂಡು ಆ ಕಾರಣಕ್ಕೆ ಉತ್ತರ ಕೊಡುವಂತೆ ಬರೆಯಿರಿ, ಹಳೇ ಅರ್ಜಿಯನ್ನೇ ಮತ್ತೆ ಕೊಟ್ಟರೆ ಪ್ರಯೋಜನವಿಲ್ಲ.

ಸಾರ್ವಜನಿಕ ಪ್ರಕಟಣೆ, ಆಕ್ಷೇಪಣೆ ಕರೆಯುವುದು ಇವೆಲ್ಲ 50ಕ್ಕಿಂತ ಹೆಚ್ಚು ಮರ ಕಡಿಯುವ ರಸ್ತೆ, ಮೆಟ್ರೋದಂಥ ಯೋಜನೆಗಳಿಗೆ. ಒಂದು ಮರದ ಅರ್ಜಿಗೆ ಅದು ಅನ್ವಯಿಸುವುದಿಲ್ಲ, ಆದರೆ ಪಕ್ಕದವರು ಲಿಖಿತ ಆಕ್ಷೇಪ ಕೊಟ್ಟರೆ ಕಡತಕ್ಕೆ ಸೇರುತ್ತದೆ.

---

ನರ್ಸರಿಹಾದಿ

ಬದಲಿ ಗಿಡದ ಪ್ರಶ್ನೆಗೆ ಯಾರೂ ಪೂರ್ತಿ ಉತ್ತರ ಕೊಟ್ಟಿಲ್ಲ, ನಿಜವಾದ ಕೆಲಸ ಇರುವುದೇ ಅಲ್ಲಿ.

ಎಷ್ಟು ಗಿಡ, ಯಾವ ಜಾತಿ, ಎಲ್ಲಿ ಅನ್ನುವುದನ್ನು ಆದೇಶದಲ್ಲೇ ಬರೆಯುತ್ತಾರೆ. ದೊಡ್ಡ ಯೋಜನೆಗಳಿಗೆ ಒಂದು ಮರಕ್ಕೆ ಹತ್ತು ಗಿಡ ಅನ್ನುವ ಲೆಕ್ಕ ಬೆಂಗಳೂರಿನಲ್ಲಿ ರೂಢಿಯಲ್ಲಿದೆ. ಆದೇಶದಲ್ಲಿ ಹತ್ತು ಅಂತ ಬಂದರೆ 30×40ರಲ್ಲಿ ಜಾಗ ಇಲ್ಲವೆಂದು ಸುಮ್ಮನಾಗಬೇಡಿ, ಪಾರ್ಕು, ಶಾಲೆ, ಕೆರೆದಂಡೆಯಲ್ಲಿ ಜಾಗ ತೋರಿಸಿ ಎಂದು ಬರಹದಲ್ಲಿ ಕೇಳಿ. ಹತ್ತು ಗಿಡವನ್ನು ಒಂದೊಂದು ಅಡಿ ಅಂತರದಲ್ಲಿ ಕಾಂಪೌಂಡಿನುದ್ದಕ್ಕೆ ಚುಚ್ಚಿ ಫೋಟೊ ತೆಗೆದು ಕಳಿಸಿದರೆ ಒಂದೂ ಮರವಾಗುವುದಿಲ್ಲ.

ಗಿಡ ಕೊಳ್ಳುವಾಗ 14×20 ಇಂಚಿನ ಚೀಲದ, 6ರಿಂದ 8 ಅಡಿ ಎತ್ತರದ ಗಿಡ ಕೇಳಿ. ಚೀಲದ ತಳದಿಂದ ಹೆಬ್ಬೆರಳ ದಪ್ಪದ ಬೇರು ಹೊರಬಂದು ನೆಲಕ್ಕಿಳಿದಿದ್ದರೆ ಬೇಡ ಅನ್ನಿ, ಎತ್ತುವಾಗ ಅದು ಹರಿದಿರುತ್ತದೆ. ಚೀಲ ಬಿಚ್ಚಿದಾಗ ಬೇರು ಸುರುಳಿ ಸುತ್ತಿದ್ದರೆ ಉಂಡೆಯ ಪಕ್ಕದಲ್ಲಿ ಮೂರು ನಾಲ್ಕು ಕಡೆ ಉದ್ದಕ್ಕೆ ಚಾಕುವಿನಿಂದ ಸೀಳಿ. ಹಾಗೇ ನೆಟ್ಟರೆ ಅದೇ ಸುರುಳಿ ದಪ್ಪವಾಗಿ, ಎಂಟು ಹತ್ತು ವರ್ಷಕ್ಕೆ ಕಾಂಡವನ್ನೇ ಹಿಸುಕುತ್ತದೆ.

ಗುಂಡಿ 3×3×3 ಅಡಿ. ಕಟ್ಟಡ ಮುಗಿದ ಸೈಟಿನಲ್ಲಿ ಒಂದಡಿ ಕೆಳಗೇ ಇಟ್ಟಿಗೆ ಚೂರು, ಗಾರೆ ಸಿಗುತ್ತದೆ, ಅದನ್ನೆಲ್ಲ ಹೊರತೆಗೆದು ಹೊರಗಿನ ಕೆಂಪುಮಣ್ಣು ತರಿಸಿ. ಎರಡು ಪಾಲು ಮಣ್ಣು, ಒಂದು ಪಾಲು ಕೊಳೆತ ಕೊಟ್ಟಿಗೆ ಗೊಬ್ಬರ, ಅರ್ಧ ಕೆಜಿ ಬೇವಿನ ಹಿಂಡಿ. ಹಸಿ ಗೊಬ್ಬರ ಹಾಕಿದರೆ ಬಿಸಿಗೆ ಬೇರು ಬೇಯುತ್ತದೆ, ಗೆದ್ದಲೂ ಬರುತ್ತದೆ. ಚೀಲದಲ್ಲಿ ಮಣ್ಣು ಎಲ್ಲಿಯವರೆಗೆ ಇತ್ತೋ ನೆಲದ ಮಟ್ಟವೂ ಅಲ್ಲಿಗೇ ಬರಬೇಕು. ಕಾಂಡದ ಬುಡ ಹೂತರೆ ತೊಗಟೆ ಕೊಳೆಯುತ್ತದೆ. ಹಳೇ ಮರದ ಬೊಡ್ಡೆ ನೆಲದಲ್ಲೇ ಉಳಿದಿದ್ದರೆ ಅದರ ಮೇಲೇ ನೆಡದೆ ನಾಲ್ಕೈದು ಅಡಿ ಪಕ್ಕಕ್ಕೆ ನೆಡಿ, ಕೊಳೆಯುವ ಬೇರಿನ ಶಿಲೀಂಧ್ರ ಹೊಸ ಗಿಡಕ್ಕೂ ಹತ್ತಬಹುದು.

ಸಮಯ ಜೂನ್-ಜುಲೈ. ಜನವರಿಯಲ್ಲಿ ಆದೇಶ ಬಂದರೆ ಮಳೆ ಶುರುವಾದ ಮೇಲೆ ನೆಡುವುದಾಗಿ ಬರೆದು ಸಮಯ ಕೇಳಿ. ಬಿಸಿಲಿಗೆ ನೆಟ್ಟು ಸಾಯಿಸುವುದಕ್ಕಿಂತ ಅದು ಎಷ್ಟೋ ವಾಸಿ. ಮೊದಲ ಎರಡು ಬೇಸಿಗೆ, ಫೆಬ್ರುವರಿಯಿಂದ ಮೇವರೆಗೆ, ವಾರಕ್ಕೆ ಎರಡು ಸಲ 15-20 ಲೀಟರ್ ನೀರು ಒಟ್ಟಿಗೆ ಕೊಡಿ. ದಿನಾ ಒಂದೊಂದು ಚೊಂಬು ಹಾಕಿದರೆ ಬೇರು ಮೇಲೇ ಉಳಿಯುತ್ತದೆ. ಆಸರೆ ಕೋಲಿಗೆ ಸಡಿಲವಾಗಿ ಬಟ್ಟೆ ಇಲ್ಲವೇ ಹಳೇ ಸೈಕಲ್ ಟ್ಯೂಬಿನಿಂದ ಕಟ್ಟಿ, ತಂತಿ ಬೇಡ. ಕಬ್ಬಿಣದ ಗಾರ್ಡ್ ಹಾಕಿದರೆ ಮೂರು ವರ್ಷಕ್ಕೆ ತೆಗೆಯಿಸಿ. ಗಾರ್ಡಿನ ಪಟ್ಟಿ ಕಾಂಡದೊಳಗೇ ಹೂತುಹೋದ ಮರ ಪ್ರತಿ ಬಡಾವಣೆಯಲ್ಲೂ ಸಿಗುತ್ತದೆ.

ಜಾತಿ ಆಯ್ಕೆ: ತಂತಿಯ ಕೆಳಗಾದರೆ ಬಸವನಪಾದ, ಪಾರಿಜಾತ, ನೆಲ್ಲಿ. ತಂತಿ ಇಲ್ಲದ ಫುಟ್‌ಪಾತಿಗೆ ಹೊಂಗೆ, ರಂಜಲು, ಹೊಳೆದಾಸವಾಳ. ವಿಶಾಲ ಜಾಗ ಇರುವ ಪಾರ್ಕಿಗೆ ನೇರಳೆ, ಮತ್ತಿ, ಹಲಸು. ಮನೆಯ ಹತ್ತಿರ ಗುಲ್‌ಮೊಹರ್, ಆಕಾಶಮಲ್ಲಿಗೆ ಬೇಡ: ಮೊದಲನೆಯದರ ಬೇರು ಮೇಲುಮೇಲೆ, ಎರಡನೆಯದರ ಕೊಂಬೆ ಗಾಳಿಗೆ ಸುಲಭವಾಗಿ ಮುರಿಯುತ್ತದೆ. ಆಲ, ಅರಳಿ, ಅತ್ತಿ ಗೋಡೆಯಿಂದ 30 ಅಡಿಯಾದರೂ ದೂರ ಇರಲಿ. ಬೇರು ಗಟ್ಟಿ ಪೈಪನ್ನು ಒಡೆಯುವುದಿಲ್ಲ, ಸೋರುವ ಜಾಯಿಂಟ್ ಹುಡುಕಿಕೊಂಡು ಒಳಹೋಗುತ್ತದೆ. ಹಾಗಾಗಿ ಒಳಚರಂಡಿ ಪೈಪಿನ ಹತ್ತಿರ ನೆಡುವುದಾದರೆ ಹಳೇ ಸುಟ್ಟಮಣ್ಣಿನ ಪೈಪ್ ಬದಲಿಸಿ ಪಿವಿಸಿ ಹಾಕಿಸಿದ ಮೇಲೆ ನೆಡಿ.

ನೆಟ್ಟ ದಿನ, ಆರು ತಿಂಗಳಿಗೆ, ವರ್ಷಕ್ಕೆ ಒಂದೊಂದು ಫೋಟೊ ತೆಗೆದು, ಹಿಂದೆ ಮನೆಯ ಗುರುತು ಕಾಣುವಂತೆ ಇಟ್ಟು, ಆದೇಶ ಸಂಖ್ಯೆ ಬರೆದು ಅದೇ ಕಚೇರಿಗೆ ಸಲ್ಲಿಸಿ. ಸತ್ತ ಗಿಡ ಇದ್ದರೆ ಅದನ್ನೂ ತಿಳಿಸಿ ಆ ಮಳೆಗಾಲಕ್ಕೇ ಬದಲಾಯಿಸಿ.

---

ಹೊಸಪಾಯ

ಎಂಜಿನಿಯರ್ ಮೂಲೆಯ 6×6 ಬಿಟ್ಟು ಹೊಸ ನಕ್ಷೆ ಮಾಡುತ್ತಿದ್ದಾರೆ, ಮನೆಯವರೂ ಒಪ್ಪಿದ್ದಾರೆ. ಮಾವಿಗೆ ಕೊಂಬೆ ಸವರುವ ಅರ್ಜಿ ಮಾತ್ರ. ಹಿತ್ತಲಿನ ಬೋರ್‌ವೆಲ್ ಕೇಸಿಂಗ್ ಮಾವಿನಿಂದ 7 ಅಡಿಗೆ ಇದೆ, ಅದರ ಪೈಪನ್ನು ಸಂಪಿಗೆ ತರಲು ಒಂದೂವರೆ ಅಡಿ ಆಳ ತೋಡಬೇಕು. ಅದು ತೊಂದರೆಯೇ?

---

ಕಾಲಂಬೀಮು

ಮಾವಿನ ಕಡೆಯಿಂದ ದೂರಕ್ಕೆ, ನೇರವಾಗಿ ಬಲಬದಿಗೆ ಪೈಪ್ ಹೊರಡಿಸಿ, ಮರದ ಸುತ್ತ ಬಳಸಿ ತರಬೇಡಿ. ಮೊದಲ ನಾಲ್ಕೈದು ಅಡಿ ಕೈಯಲ್ಲಿ ತೋಡಿಸಿ, ದಪ್ಪ ಬೇರು ಅಡ್ಡ ಬಂದರೆ ಅದರ ಕೆಳಗಿನಿಂದ ಮಣ್ಣು ಕೊರೆದು ಪೈಪ್ ತೂರಿಸಿ. 32 ಎಂಎಂ ಎಚ್‌ಡಿಪಿಇ (ಪ್ಲಾಸ್ಟಿಕ್) ಪೈಪ್ ಬಾಗುತ್ತದೆ, ಬೇರಿನ ಅಡಿಯಲ್ಲಿ ಜಾಯಿಂಟ್ ಬರದಂತೆ ಒಂದೇ ತುಂಡು ಹಾಕಿಸಿ. ಗುಂಡಿಯನ್ನು ಅದೇ ದಿನ ಮುಚ್ಚಿ ನೀರು ಬಿಡಿ, ತೆರೆದ ಬೇರು ಬಿಸಿಲಿಗೆ ಒಂದು ಮಧ್ಯಾಹ್ನದಲ್ಲೇ ಒಣಗುತ್ತದೆ.